ತಾಲೀಮು ಮನೆಯಿಂದ ವಿಶ್ವವಿದ್ಯಾಲಯಕ್ಕೆ

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಒಂದು ಹೋಬಳಿ ಕೇಂದ್ರ. ಸುತ್ತಿನವರ ಬಾಯಲ್ಲಿ ಅದು ಸಿ.ಎ. ಕೆರೆ. ಕಾಲಭೈರವೇಶ್ವರನ ಗುಡಿಯಿಂದ, ಆ ದೇವರ ಬಸಪ್ಪನಿಂದ ಹೆಸರಾದ ಊರು. ಭತ್ತ, ಕಬ್ಬು, ರೇಷ್ಮೆಯನ್ನು ನಂಬಿ ಬದುಕುವ ಈ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಕೈ ಬಿಡುವಾದ ಮೇಲೆ ರಾತ್ರಿಗಳಲ್ಲಿ ಹಾರ್ಮೋನಿಯಂ ಸದ್ದು ಏಳುತ್ತದೆ. ಊಟ ಮುಗಿಸಿದ ಗಂಡಸರು ಯಾರದೋ ಹಜಾರದಲ್ಲೋ ಗುಡಿಯ ಪಡಸಾಲೆಯಲ್ಲೋ ಸೇರುತ್ತಾರೆ. ನಡುವೆ ಡ್ರಾಮಾ ಮೇಷ್ಟ್ರು. ಹಗಲೆಲ್ಲ ಗದ್ದೆಯ ಕೆಸರಿನಲ್ಲಿದ್ದವನು ಕಂದಪದ್ಯದ ರಾಗ ಹಿಡಿಯಲು ತಿಣುಕುತ್ತಾನೆ. ತಪ್ಪಿದರೆ ಮೇಷ್ಟ್ರು ಮತ್ತೆ ಮೊದಲಿನಿಂದ ಹೇಳಿಸುತ್ತಾರೆ. ತಿಂಗಳುಗಟ್ಟಲೆ ನಡೆಯುವ ಈ ಕಲಿಕೆಗೆ ಊರವರು ಇಟ್ಟ ಹೆಸರು ತಾಲೀಮು.

ಈ ಪದವನ್ನು ನಾವು ಎಷ್ಟೋ ಸಲ ಬಳಸಿದ್ದರೂ ಅದರ ಹುಟ್ಟನ್ನು ನೆನೆಯುವುದು ಕಡಿಮೆ. ಅರಬ್ಬಿಯಲ್ಲಿ ಇಲ್ಮ್ ಎಂದರೆ ಅರಿವು. ಅದೇ ಬೇರಿನಿಂದ ಹುಟ್ಟಿದ್ದು ತಾಲೀಮ್, ಅಂದರೆ ಅರಿವನ್ನು ಕೊಡುವುದು, ಕಲಿಸುವುದು. ಉರ್ದುವಿನಲ್ಲಿ ಇಂದಿಗೂ ತಾಲೀಮ್ ಎಂದರೆ ಶಿಕ್ಷಣ. ಕನ್ನಡಕ್ಕೆ ಬಂದಾಗ ಅದು ಗರಡಿ ಮನೆಗೂ ನಾಟಕದ ಹಜಾರಕ್ಕೂ ಸೇರಿಕೊಂಡಿತು. ಹಳ್ಳಿಯ ರೈತ ತನಗೆ ಗೊತ್ತಿಲ್ಲದೆಯೇ ನಾಟಕ ಕಲಿಯುವುದನ್ನು ಶಿಕ್ಷಣವೆಂದು ಕರೆದ. ನಾಟಕವನ್ನು ಶಿಕ್ಷಣವೆಂದು ಒಪ್ಪಲು ನಮ್ಮ ವಿಶ್ವವಿದ್ಯಾಲಯಗಳಿಗೆ ಮಾತ್ರ ಬಹಳ ಕಾಲ ಹಿಡಿಯಿತು. ಒಪ್ಪಿಕೊಂಡ ಮೇಲೂ ಈ ಹಜಾರದ ಶಾಲೆಯನ್ನು ಅವು ಎಷ್ಟರಮಟ್ಟಿಗೆ ಕಂಡವು ಎಂಬುದೇ ಈ ಬರಹದ ಪ್ರಶ್ನೆ.

ನೀರು, ಕಬ್ಬು ಮತ್ತು ಕುರುಕ್ಷೇತ್ರ

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. 1930ರ ದಶಕದ ಹೊತ್ತಿಗೆ ಇರ್ವಿನ್ ನಾಲೆಯ ನೀರು, ಇಂದಿನ ವಿಶ್ವೇಶ್ವರಯ್ಯ ನಾಲೆಯ ನೀರು, ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಬಯಲಿಗೆ ಹರಿಯತೊಡಗಿತು. ಅದೇ ದಶಕದಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ರಾಗಿ ಬೆಳೆಯುತ್ತಿದ್ದವನ ಕೈಗೆ ಕಬ್ಬಿನ ದುಡ್ಡು ಸೇರಿತು.

ಇದೇ ಕಾಲದಲ್ಲಿ ಕಂಪನಿ ನಾಟಕಗಳು ವೈಭವದಲ್ಲಿದ್ದವು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ವೀರಣ್ಣನವರ ಕೈಯಲ್ಲಿ ನಾಡಿನ ದೊಡ್ಡ ನಾಟಕ ಸಂಸ್ಥೆಯಾಗಿ ಬೆಳೆದಿತ್ತು. 1934ರಲ್ಲಿ ಅವರು ಆನೆ, ಕುದುರೆ, ರಥಗಳನ್ನೇ ರಂಗಕ್ಕೆ ತಂದು ಆಡಿದ 'ಕುರುಕ್ಷೇತ್ರ' ಜನಮನದಲ್ಲಿ ದಂತಕಥೆಯಾಯಿತು. ಪಟ್ಟಣದ ಥಿಯೇಟರಿನಲ್ಲಿ ಟಿಕೆಟ್ ಕೊಂಡು ಕಂಡದ್ದನ್ನು ತನ್ನೂರಿನ ಬಯಲಲ್ಲಿ ತಾನೇ ಆಡಬೇಕೆಂಬ ಆಸೆ ರೈತನಿಗೆ ಬಂದದ್ದು ಸಹಜ. ನೀರಾವರಿಯ ದುಡ್ಡು ಆ ಆಸೆಗೆ ಬಲ ಕೊಟ್ಟಿತು ಎಂದು ನಾವು ಊಹಿಸಬಹುದು. ಮುಂದೆ ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಅವುಗಳ ನಾಟಕ ಮಾತ್ರ ಹಳ್ಳಿಗಳಲ್ಲಿ ಉಳಿದುಕೊಂಡಿತು. 'ಕುರುಕ್ಷೇತ್ರ', 'ದಕ್ಷಯಜ್ಞ', 'ಶನಿಪ್ರಭಾವ', 'ಸಂಪೂರ್ಣ ರಾಮಾಯಣ' ಇಂದಿಗೂ ಈ ಭಾಗದಲ್ಲಿ ರಾತ್ರಿಯಿಡೀ ನಡೆಯುತ್ತವೆ.

ಈ ನಾಟಕಗಳ ಲೆಕ್ಕಾಚಾರವೇ ಬೇರೆ. ಇಲ್ಲಿ ನಟನಿಗೆ ಸಂಬಳವಿಲ್ಲ. ನಟನೇ ದುಡ್ಡು ಹಾಕಬೇಕು. ದುರ್ಯೋಧನ, ಕೃಷ್ಣನಂಥ ಪಾತ್ರಗಳಿಗೆ ಹೆಚ್ಚು, ಚಿಕ್ಕ ಪಾತ್ರಗಳಿಗೆ ಕಡಿಮೆ. ಮೇಷ್ಟ್ರ ಸಂಭಾವನೆ, ಸೀನರಿ, ಪೋಷಾಕು, ಸ್ತ್ರೀಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರ ಖರ್ಚು ಎಲ್ಲವೂ ಈ ಚಂದಾದಿಂದಲೇ ಹುಟ್ಟಬೇಕು. ದುಡ್ಡಿಗೆ ಪಾತ್ರ ಮಾರುವ ಈ ಪದ್ಧತಿಯನ್ನು ಓದಿದವರು ಗೇಲಿ ಮಾಡುವುದುಂಟು. ಕಂಠವಿಲ್ಲದವನು ಕೃಷ್ಣನಾಗುವ ಅಪಾಯ ಇದರಲ್ಲಿ ಇದ್ದೇ ಇದೆ. ದುಡ್ಡಿಲ್ಲದವನಿಗೆ ದುರ್ಯೋಧನನ ಗದೆ ಎಟುಕುವುದಿಲ್ಲ ಎಂಬುದೂ ನಿಜ. ಆದರೂ ಅಕ್ಷರ ಬಾರದವನು ನೂರಾರು ಸಾಲು ಹಳೆಯ ಮಾತುಗಾರಿಕೆಯ ಕನ್ನಡವನ್ನು ಬಾಯಿಪಾಠ ಮಾಡಿ, ತಾಳ ತಪ್ಪದೆ ಹಾಡಿ, ತನ್ನ ಹೆಂಡತಿ ಮಕ್ಕಳೆದುರು ಒಂದು ರಾತ್ರಿ ಅರಸನಾಗುವುದು ಸಣ್ಣ ಸಂಗತಿಯಲ್ಲ. ಯಾವ ಸರ್ಕಾರದ ಅನುದಾನವೂ ಇಲ್ಲದೆ ಈ ಶಾಲೆ ನಡೆದುಬಂದಿದೆ.

ಪರದೆಯ ಹಿಂದಿನ ಮಾತುಗಳು

ಈ ಹಿಂದೂ ಪುರಾಣ ನಾಟಕದ ಪರಿಭಾಷೆಯನ್ನು ಒಮ್ಮೆ ಗಮನಿಸಬೇಕು. ಪರದೆ ಪಾರಸಿ ಮಾತು. ಪೋಷಾಕು ಪಾರಸಿ ಮಾತು. ಪೋಷಾಕಿನ ಮೇಲೆ ಹೊಳೆಯುವ ಜರಿಯೂ ಅಲ್ಲಿಂದ ಬಂದದ್ದೇ. ತಬಲದ ಹೆಸರು ಅರಬ್ಬಿ ಮೂಲದ್ದು. ಪ್ರೇಕ್ಷಕರ ತಲೆಯ ಮೇಲಿನ ಶಾಮಿಯಾನ ಪಾರಸಿ. ಮೇಷ್ಟ್ರ ಹಾರ್ಮೋನಿಯಂ 19ನೆಯ ಶತಮಾನದ ಫ್ರಾನ್ಸಿನಲ್ಲಿ ರೂಪುಗೊಂಡ ವಾದ್ಯ. ಕಾಲಭೈರವನ ಗುಡಿಯ ಮುಂದೆ ಪಾಂಡವರ ಕತೆ ನಡೆಯುವಾಗ ಇಷ್ಟು ದೇಶಗಳು ಸದ್ದಿಲ್ಲದೆ ಜೊತೆಗೂಡಿರುತ್ತವೆ.

ಇದು ಬರಿಯ ಪದಗಳ ಕೊಡುಕೊಳೆಯಲ್ಲ. 1853ರ ಸುಮಾರಿಗೆ ಲಖನೌದ ಅಮಾನತ್ ಬರೆದ ಉರ್ದು ಗೀತನಾಟಕ 'ಇಂದರ್ ಸಭಾ' ಮುಂದೆ ಪಾರಸಿ ಕಂಪನಿಗಳ ಬಂಡವಾಳವಾಯಿತು. ಆಗಾ ಹಶ್ರ್ ಕಾಶ್ಮೀರಿಯಂಥ ಉರ್ದು ನಾಟಕಕಾರರು ಆ ಕಂಪನಿಗಳಿಗೆ ಬರೆದರು. ದೇಶ ಸುತ್ತುತ್ತಿದ್ದ ಪಾರಸಿ ತಂಡಗಳ ಚಿತ್ರಿತ ಪರದೆ, ಹಾಡು, ಬೆಳಕಿನ ಚಮತ್ಕಾರಗಳು ಮೈಸೂರು ಸೀಮೆಯವರನ್ನೂ ಸೆಳೆದವು. ಅರಮನೆಯ ಆಶ್ರಯದ ನಾಟಕ ಸಭೆ 1880ರ ದಶಕದ ಆರಂಭದಲ್ಲಿ ರೂಪುಗೊಂಡದ್ದು ಇದೇ ವಾತಾವರಣದಲ್ಲಿ. 'ಗುಲೇಬಕಾವಲಿ' ಕನ್ನಡ ಕಂಪನಿಗಳ ಜನಪ್ರಿಯ ನಾಟಕವಾದದ್ದೂ ಈ ದಾರಿಯಿಂದಲೇ.

ಮಹಮದ್ ಪೀರ್ ಅವರ ಹೆಸರನ್ನು ಇಲ್ಲಿ ನೆನೆಯಲೇಬೇಕು. ಕನ್ನಡ ವೃತ್ತಿರಂಗಭೂಮಿಯ ಈ ನಟ 'ಚಂದ್ರಕಲಾ ನಾಟಕ ಮಂಡಳಿ'ಯ ಒಡೆಯರಾಗಿದ್ದರು. ಪುರಾಣದ ಕಾಲದಲ್ಲಿ ಅವರ ಮಂಡಳಿ ಎಚ್.ಎಲ್.ಎನ್. ಸಿಂಹ ಅವರ ಸಾಮಾಜಿಕ ನಾಟಕ 'ಸಂಸಾರ ನೌಕೆ'ಯನ್ನು ಆಡಿ ಗೆದ್ದಿತು. 1936ರಲ್ಲಿ ಅದು ಚಲನಚಿತ್ರವೂ ಆಯಿತು. ಬಿ.ಆರ್. ಪಂತುಲು, ಎಂ.ವಿ. ರಾಜಮ್ಮ ಅವರಂಥ ಕಲಾವಿದರು ಪೀರ್ ಅವರ ಮಂಡಳಿಯಲ್ಲಿ ಪಳಗಿದವರು. ಒಬ್ಬ ಮುಸಲ್ಮಾನ ಕಟ್ಟಿದ ಮಂಡಳಿ ಕನ್ನಡ ನಟನಟಿಯರಿಗೆ ಶಾಲೆಯಾಗಿತ್ತು ಎಂಬ ಸಂಗತಿ ನಮ್ಮ ಪಠ್ಯಗಳಲ್ಲಿ ಒಂದೆರಡು ಸಾಲಿಗೆ ಮುಗಿದುಹೋಗುತ್ತದೆ.

ಬೆನ್ನು ತಿರುಗಿಸಿ ಕೂತ ಎರಡು ರಂಗಭೂಮಿ

ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. ಅಲ್ಲಿ ನಾಟಕ ಮೊದಲಿನಿಂದಲೂ ಇತ್ತು, ಆದರೆ ಸಾಹಿತ್ಯವಾಗಿ. ಷೇಕ್ಸ್‌ಪಿಯರ್, ಕಾಳಿದಾಸ, ಗ್ರೀಕ್ ದುರಂತ ನಾಟಕಗಳು ತರಗತಿಯಲ್ಲಿ ಓದಿಸಿಕೊಂಡವು. ಓದುವುದು ಪರೀಕ್ಷೆಗೆ, ಆಡುವುದು ಕಾಲೇಜು ಸಂಘದ ವಾರ್ಷಿಕೋತ್ಸವಕ್ಕೆ.

ಆಶ್ಚರ್ಯವೆಂದರೆ ಈ ಓದಿನ ರಂಗಭೂಮಿಗೂ ಇಂದಿನ ಮಂಡ್ಯ ಜಿಲ್ಲೆಯೇ ಮಕ್ಕಳನ್ನು ಕೊಟ್ಟಿತು. ಬಿ.ಎಂ. ಶ್ರೀಕಂಠಯ್ಯನವರ ಹೆಸರಿನ ಮೊದಲಕ್ಷರ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನದು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಅವರು 1926ರಲ್ಲಿ 'ಗದಾಯುದ್ಧ ನಾಟಕಂ' ಪ್ರಕಟಿಸಿದರು. ಮುಂದೆ ಸೊಫೊಕ್ಲಿಸನ ನಾಟಕವೊಂದನ್ನು 'ಅಶ್ವತ್ಥಾಮನ್' ಆಗಿಸಿದರು, ಈಸ್ಕಿಲಸನ ನಾಟಕವನ್ನು 'ಪಾರಸಿಕರು' ಎಂದು ಕನ್ನಡಿಸಿದರು. ಮೋಲಿಯೇರನ ನಾಟಕವನ್ನು 'ಆಷಾಢಭೂತಿ'ಯಾಗಿಸಿದ ಎ.ಎನ್. ಮೂರ್ತಿರಾವ್ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರು. 'ಅಹಲ್ಯೆ', 'ಗೋಕುಲ ನಿರ್ಗಮನ' ಬರೆದ ಪು.ತಿ. ನರಸಿಂಹಾಚಾರ್ ಮೇಲುಕೋಟೆಯವರು.

'ಗದಾಯುದ್ಧ ನಾಟಕಂ' ರನ್ನನ ಕಾವ್ಯದ ದುರ್ಯೋಧನನನ್ನು ದುರಂತ ನಾಯಕನಾಗಿ ಕಂಡ ಕೃತಿ. ವಿದ್ಯಾರ್ಥಿಗಳು ಅದರ ಮೇಲೆ ಟಿಪ್ಪಣಿ ಬರೆದರು. ಅತ್ತ ಮದ್ದೂರು, ಮಳವಳ್ಳಿಯ ಹಳ್ಳಿಗಳಲ್ಲೂ ಹೆಚ್ಚು ದುಡ್ಡು ಬೀಳುತ್ತಿದ್ದದ್ದು ಅದೇ ದುರ್ಯೋಧನನ ಪಾತ್ರಕ್ಕೆ. ಛಲಗಾರ ಸೋಲುವುದನ್ನು ಕಂಡು ಕಣ್ಣೀರು ಹಾಕಲು ಹಳ್ಳಿಗನಿಗೆ ಅರಿಸ್ಟಾಟಲನ ನೆರವು ಬೇಕಾಗಿರಲಿಲ್ಲ. ಒಂದೇ ನೆಲದಲ್ಲಿ, ಹತ್ತಿರ ಹತ್ತಿರದ ಕಾಲದಲ್ಲಿ, ಒಂದೇ ಪಾತ್ರದ ಸುತ್ತ ಎರಡು ರಂಗಭೂಮಿಗಳು ಬೆಳೆದವು. ಆದರೆ ಒಂದು ಇನ್ನೊಂದನ್ನು ಕಣ್ಣೆತ್ತಿ ನೋಡಿದ್ದು ವಿರಳ.

ನಾಟಕ ಪದವಿಯಾದದ್ದು

ನಾಟಕವನ್ನೇ ವಿಷಯವಾಗಿ ಕಲಿಸುವ ಪ್ರಯತ್ನ ಜಗತ್ತಿನಲ್ಲೂ ಬಹಳ ಹಳೆಯದಲ್ಲ. ಅಮೆರಿಕದ ಪಿಟ್ಸ್‌ಬರ್ಗಿನ ಕಾರ್ನೆಗಿ ಸಂಸ್ಥೆ 1914ರಲ್ಲಿ ನಾಟಕಕ್ಕೆ ಪದವಿ ಶಿಕ್ಷಣ ಆರಂಭಿಸಿತು. ಇಂಗ್ಲೆಂಡಿನಲ್ಲಿ ಮೊದಲ ನಾಟಕ ವಿಭಾಗ ತೆರೆದದ್ದು ಬ್ರಿಸ್ಟಲ್ ವಿಶ್ವವಿದ್ಯಾಲಯ, 1947ರಲ್ಲಿ. ನಮ್ಮಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ ತನ್ನ ಆರಂಭದ ವರ್ಷಗಳಲ್ಲೇ ನಾಟಕಕ್ಕೆ ಜಾಗ ಕೊಟ್ಟಿತು. 1959ರಲ್ಲಿ ದಿಲ್ಲಿಯಲ್ಲಿ ರಾಷ್ಟ್ರೀಯ ನಾಟಕ ಶಾಲೆ ಹುಟ್ಟಿತು.

ಕನ್ನಡ ನಾಡಿನಲ್ಲಿ ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜು 1965ರಲ್ಲಿ ಆರಂಭವಾಗಿ ಸಂಗೀತ, ನೃತ್ಯದೊಂದಿಗೆ ನಾಟಕವನ್ನೂ ಕಲಿಸಿತು. ನಾಟಕಕಾರ ಪರ್ವತವಾಣಿಯವರು ಅಲ್ಲಿ ಪಾಠ ಹೇಳಿದರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ 1972ರಿಂದ 1977ರವರೆಗೆ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ನೃತ್ಯ, ನಾಟಕ, ಸಂಗೀತದ ಕಲಿಕೆಗೆ ಬಾಗಿಲು ತೆರೆದರು. ಅವರು ಭೌತವಿಜ್ಞಾನದ ಅಧ್ಯಾಪಕರು. ಕಲೆಗೆ ವಿಜ್ಞಾನದಷ್ಟೇ ಮರ್ಯಾದೆಯ ಕುರ್ಚಿ ಬೇಕೆಂದು ಅಂಥವರಿಗೆ ಅನ್ನಿಸಿದ್ದು ಗಮನಿಸಬೇಕಾದ ಮಾತು. ವಿಶ್ವವಿದ್ಯಾಲಯದ ಆಚೆ ಹೆಗ್ಗೋಡಿನ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಬಂತು. 2000ರ ದಶಕದ ಕೊನೆಗೆ ಗಂಗೂಬಾಯಿ ಹಾನಗಲ್ ಅವರ ಹೆಸರಿನಲ್ಲಿ ಸಂಗೀತ ಮತ್ತು ಪ್ರದರ್ಶಕ ಕಲೆಗಳದೇ ಒಂದು ವಿಶ್ವವಿದ್ಯಾಲಯ ಮೈಸೂರಿನಲ್ಲಿ ಸ್ಥಾಪನೆಯಾಯಿತು. ಚಿಕ್ಕರಸಿನಕೆರೆಯ ಹುಡುಗನಿಗೆ ಈಗ ನಾಟಕದ ಪದವಿ ದೂರದ ಮಾತಾಗಿ ಉಳಿದಿಲ್ಲ.

ಈ ಇಡೀ ದಾರಿಯನ್ನು ಒಂದೇ ಜೀವನದಲ್ಲಿ ನಡೆದವರು ಬಿ.ವಿ. ಕಾರಂತರು. ಹುಡುಗನಾಗಿದ್ದಾಗ ಊರು ಬಿಟ್ಟು ಗುಬ್ಬಿ ಕಂಪನಿ ಸೇರಿದರು. ವೀರಣ್ಣನವರೇ ಅವರನ್ನು ಓದಲು ಬನಾರಸಿಗೆ ಕಳಿಸಿದರು. ಅಲ್ಲಿ ಹಿಂದಿ ಎಂ.ಎ. ಮುಗಿಸಿ, ಆಮೇಲೆ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1977ರಲ್ಲಿ ಅದೇ ಶಾಲೆಗೆ ನಿರ್ದೇಶಕರಾದರು. ಅದಕ್ಕೂ ಹಿಂದೆ, 1962ರಿಂದ, ಆ ಸ್ಥಾನದಲ್ಲಿದ್ದವರು ಇಬ್ರಾಹಿಂ ಅಲ್ಕಾಜಿ. ಪುಣೆಯಲ್ಲಿ ಅರಬ್ ವ್ಯಾಪಾರಿಯ ಮನೆಯಲ್ಲಿ ಹುಟ್ಟಿದ ಅಲ್ಕಾಜಿ ಭಾರತದ ನಟನಟಿಯರಿಗೆ ರಂಗಶಿಸ್ತನ್ನು ಕಲಿಸಿದವರು. ಗಿರೀಶ ಕಾರ್ನಾಡರು 1964ರಲ್ಲಿ ಕನ್ನಡದಲ್ಲಿ ಬರೆದ 'ತುಘಲಕ್' ಕಾರಂತರ ಅನುವಾದದಲ್ಲಿ ದಿಲ್ಲಿ ತಲುಪಿತು. 1970ರ ದಶಕದಲ್ಲಿ ಅಲ್ಕಾಜಿ ಅದನ್ನು ಪುರಾನಾ ಕಿಲಾದ ಕಲ್ಲುಗೋಡೆಗಳ ನಡುವೆ ಆಡಿಸಿದರು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಕೂಡ ಅಲ್ಕಾಜಿಯವರ ಶಿಷ್ಯೆ. ಕಂಪನಿಯ ಕಂಠಕ್ಕೆ ಶಾಲೆಯ ಶಿಸ್ತು ಸೇರಿದಾಗ ಏನಾಗುತ್ತದೆ ಎಂಬುದಕ್ಕೆ ಅವರ ನಟನೆಯೇ ಸಾಕ್ಷಿ.

ಹಳ್ಳಿಯಿಂದ ಕಲಿತ ಮೇಷ್ಟ್ರು

ಓದಿ ಬಂದವನು ಹಳ್ಳಿಯ ನಟನಿಗೆ ಏನು ಕಲಿಸಬಲ್ಲ? ಈ ಪ್ರಶ್ನೆಯನ್ನು ತನ್ನ ಮೈಮೇಲೆ ಹಾಕಿಕೊಂಡವರು ಹಬೀಬ್ ತನ್ವೀರ್. 1954ರಲ್ಲಿ ಅವರು ದಿಲ್ಲಿಯ ಜಾಮಿಯಾ ಮಿಲ್ಲಿಯಾದಲ್ಲಿ 'ಆಗ್ರಾ ಬಜಾರ್' ಮಾಡಿದರು. ಬೀದಿಯ ಜನರ ಕವಿ ನಜೀರ್ ಅಕ್ಬರಾಬಾದಿಯ ಸುತ್ತ ಕಟ್ಟಿದ ನಾಟಕ ಅದು. ಜಾಮಿಯಾದ ವಿದ್ಯಾರ್ಥಿಗಳು, ಅಧ್ಯಾಪಕರ ಜೊತೆಗೆ ಪಕ್ಕದ ಓಖ್ಲಾ ಹಳ್ಳಿಯ ಜನರನ್ನೂ ಅವರು ರಂಗಕ್ಕೆ ಕರೆತಂದರು. ವಿಶ್ವವಿದ್ಯಾಲಯ ಮತ್ತು ಹಳ್ಳಿ ಒಂದೇ ರಂಗದ ಮೇಲೆ ನಿಂತ ಅಪರೂಪದ ಗಳಿಗೆ ಅದು.

ಆಮೇಲೆ ತನ್ವೀರ್ ಲಂಡನ್, ಬ್ರಿಸ್ಟಲ್‌ಗಳಲ್ಲಿ ರಂಗಶಿಕ್ಷಣ ಪಡೆದು ಮರಳಿದರು. ಛತ್ತೀಸಗಢದ ನಾಚಾ ಕಲಾವಿದರನ್ನು ಕರೆದು ನಾಟಕ ಮಾಡಿಸಿದರು. ಮೊದಮೊದಲು ಆ ಕಲಾವಿದರ ಬಾಯಲ್ಲಿ ಹಿಂದಿ ಆಡಿಸಿ, ಇಲ್ಲಿ ನಿಲ್ಲು, ಅಲ್ಲಿ ತಿರುಗು ಎಂದು ಹೇಳಿದಾಗ ಅವರು ಕಟ್ಟಿಹಾಕಿದಂತಾದರು. ತಪ್ಪು ತನ್ನದೆಂದು ತನ್ವೀರ್ ಒಪ್ಪಿಕೊಂಡರು. ಅವರವರ ಭಾಷೆ, ಅವರವರ ನಡಿಗೆಗೆ ಬಿಟ್ಟರು. 1975ರ 'ಚರಣದಾಸ್ ಚೋರ್' ಆ ಬದಲಾವಣೆಯ ಫಲ. ಕಲಿಸಲು ಹೋದವರು ಕಲಿತು ಬಂದದ್ದರಿಂದಲೇ ಅವರು ದೊಡ್ಡ ಮೇಷ್ಟ್ರಾದರು.

ನಮ್ಮಲ್ಲೂ ಇಂಥ ದಾರಿಯೊಂದು ತೆರೆದದ್ದುಂಟು, ಆದರೆ ನಾಟಕ ವಿಭಾಗಕ್ಕಿಂತ ಹೆಚ್ಚಾಗಿ ಜಾನಪದದ ಬಾಗಿಲಿನಿಂದ. ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯ ಜೀ.ಶಂ. ಪರಮಶಿವಯ್ಯನವರು ಮೈಸೂರು ವಿಶ್ವವಿದ್ಯಾಲಯದಲ್ಲಿ ಜಾನಪದವನ್ನು ಓದಿನ ವಿಷಯವಾಗಿ ನೆಲೆಗೊಳಿಸಿದರು. ಹಳೆ ಮೈಸೂರಿನ ಬಯಲಾಟವಾದ ಮೂಡಲಪಾಯ ಯಕ್ಷಗಾನ ನಶಿಸದಂತೆ ಹೆಣಗಿದರು. ಕರಾವಳಿಯ ಯಕ್ಷಗಾನಕ್ಕೆ ಸಿಕ್ಕ ಮನ್ನಣೆ ಬಯಲುಸೀಮೆಯ ಆಟಕ್ಕೂ ಸಿಗಬೇಕೆಂಬುದು ಅವರ ಹಂಬಲವಾಗಿತ್ತು.

ಮಳವಳ್ಳಿ ಕಡೆಗೆ ಹೋದರೆ ಇನ್ನೂ ಹಳೆಯ ಶಾಲೆಯೊಂದಿದೆ. ಮಂಟೇಸ್ವಾಮಿಯ ಗದ್ದುಗೆಯಿರುವ ಬೊಪ್ಪೇಗೌಡನಪುರ ಅದೇ ತಾಲ್ಲೂಕಿನದು. ಕಾವ್ಯದಲ್ಲಿ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹೋಗುವ ಹಲಗೂರೂ ಅಲ್ಲೇ. ತಂಬೂರಿ, ಗಗ್ಗರ, ದಮ್ಮಡಿ ಹಿಡಿದು ರಾತ್ರಿಗಟ್ಟಲೆ ಕತೆ ಹಾಡುವ ನೀಲಗಾರರು ಬಹುಪಾಲು ತಳಸಮುದಾಯಗಳವರು. ದೀಕ್ಷೆ ಪಡೆದು, ಗುರುವಿನ ಹಿಂದೆ ಹಿಮ್ಮೇಳದಲ್ಲಿ ಕೂತು, ಕೇಳಿ ಕೇಳಿಯೇ ಕಲಿಯುತ್ತಾರೆ. ಹಾಡು, ಮಾತು, ನಟನೆ ಎಲ್ಲವೂ ಒಬ್ಬನಲ್ಲೇ ಇರುವ ಕಲೆ ಇದು.

ಇದನ್ನು ನಾಟಕ ಎನ್ನಬೇಕೋ, ಪೂಜೆ ಎನ್ನಬೇಕೋ, ಕಾವ್ಯ ಎನ್ನಬೇಕೋ? ಹಳೆಯ ಪಠ್ಯಕ್ರಮದ ಯಾವ ಡಬ್ಬಿಯಲ್ಲೂ ಇದು ಹಿಡಿಯುವುದಿಲ್ಲ. ನಾಟಕ ಎಂದರೆ ಬರೆದ ಪಠ್ಯ ಎಂಬ ಗೆರೆಯನ್ನು ದಾಟಿ ಆಚರಣೆ, ಜಾತ್ರೆ, ಹಾಡಿಕೆಗಳನ್ನೂ ನೋಡುವ ಪ್ರದರ್ಶನ ಅಧ್ಯಯನ ಬೆಳೆದದ್ದು ಇಂಥ ತೊಡಕಿನಿಂದಲೇ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ 1980ರಲ್ಲಿ ಅದಕ್ಕೆ ಪ್ರತ್ಯೇಕ ವಿಭಾಗವಾಯಿತು. ಅದರ ಪ್ರವರ್ತಕರಲ್ಲೊಬ್ಬರಾದ ರಿಚರ್ಡ್ ಶೆಖ್ನರ್ ಕಾಶಿಯ ಎದುರು ದಡದ ರಾಮನಗರದ ರಾಮಲೀಲೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ನಮ್ಮ ದೇಶದಲ್ಲಿ ದಿಲ್ಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ರಂಗಭೂಮಿ ಮತ್ತು ಪ್ರದರ್ಶನವನ್ನು ಉನ್ನತ ಅಧ್ಯಯನದ ವಿಷಯವಾಗಿಸಿತು. ಅಲ್ಲಿ ಪ್ರಾಧ್ಯಾಪಕರಾಗಿದ್ದ ಕನ್ನಡದ ಕವಿ, ನಾಟಕಕಾರ ಎಚ್.ಎಸ್. ಶಿವಪ್ರಕಾಶ್ ಬರೆದ ನಾಟಕಗಳಲ್ಲೊಂದು 'ಮಂಟೇಸ್ವಾಮಿ ಕಥಾಪ್ರಸಂಗ'. ನೀಲಗಾರರ ತಂಬೂರಿಯ ದನಿ ಆಧುನಿಕ ರಂಗಕ್ಕೆ ತಲುಪಿದ ದಾರಿಗಳಲ್ಲಿ ಇದೂ ಒಂದು.

ಮುಂದಿನ ಪಾಠ

ಇಷ್ಟೆಲ್ಲ ಆದರೂ ಮಗ ಅಥವಾ ಮಗಳು ನಾಟಕ ಓದುತ್ತೇನೆ ಎಂದಾಗ ಮನೆಯಲ್ಲಿ ಏಳುವ ಪ್ರಶ್ನೆ ಬದಲಾಗಿಲ್ಲ. "ಅದನ್ನ ಓದಕ್ಕೆ ಮೈಸೂರ್ಗ್ ಯಾಕ್ಲಾ ಹೋಯ್ತೀಯೆ? ಹೊಟ್ಟೆಗೇನ್ ಮಾಡೀಯೆ?" ತಾನೇ ಸಾವಿರಾರು ರೂಪಾಯಿ ಹಾಕಿ ಭೀಮನ ಪಾತ್ರ ಮಾಡಿದ ಅಪ್ಪನೂ ಹೀಗೆ ಕೇಳುತ್ತಾನೆ. ಅವನ ಪಾಲಿಗೆ ನಾಟಕ ಬದುಕಿನ ಹಬ್ಬ, ಬದುಕುವ ದಾರಿಯಲ್ಲ. ಅವನ ಆತಂಕ ಸುಳ್ಳೂ ಅಲ್ಲ. ಸರ್ಕಾರಿ ಶಾಲೆಗಳಲ್ಲಿ ನಾಟಕ ಶಿಕ್ಷಕರು ಬೆರಳೆಣಿಕೆಯಷ್ಟೇ. ಪದವಿ ಪಡೆದ ಬಹಳ ಮಂದಿ ಧಾರಾವಾಹಿ, ಸಿನಿಮಾ, ಬೇಸಿಗೆ ಶಿಬಿರಗಳ ನಡುವೆ ಅಲೆಯುತ್ತಾರೆ. ನೀನಾಸಂನಲ್ಲಿ ಕಲಿತು ರಂಗಾಯಣದಲ್ಲಿ ದುಡಿದು ಮೈಸೂರಿನಲ್ಲಿ 'ನಟನ' ಸಂಸ್ಥೆ ಕಟ್ಟಿದ ಮಂಡ್ಯ ರಮೇಶ್ ಅವರಂಥವರು ದಾರಿ ಇದೆಯೆಂದು ತೋರಿಸಿದ್ದಾರೆ. ಆದರೆ ಎಲ್ಲರಿಗೂ ಆ ದಾರಿ ಸಿಗುವುದಿಲ್ಲ.

ಹೆಣ್ಣುಮಕ್ಕಳಿಗೆ ಬಾಗಿಲು ಇನ್ನೂ ಕಿರಿದು. ಊರಿನ ನಾಟಕದಲ್ಲಿ ದ್ರೌಪದಿ ಹೊರಗಿನಿಂದ ಬರುತ್ತಾಳೆ. ಊರಿನ ಹುಡುಗಿ ಪ್ರೇಕ್ಷಕಿಯಾಗಿಯೇ ಉಳಿಯುತ್ತಾಳೆ. 1958ರಲ್ಲೇ ಆರ್. ನಾಗರತ್ನಮ್ಮ ಬರೀ ಹೆಂಗಸರ ಮಂಡಳಿ ಕಟ್ಟಿ ಕಂಸನ ಪಾತ್ರವನ್ನೂ ಮಾಡಿದ ನಾಡಿದು. ಆ ಹುಡುಗಿಗೆ ಮೊದಲ ತಾಲೀಮು ಸಿಗುವ ಜಾಗ ಬಹುಶಃ ಕಾಲೇಜೇ.

ಮುಸ್ಲಿಂ ಮನೆಗಳಲ್ಲಿ ಇದರ ಮೇಲೆ ಇನ್ನೊಂದು ಹಿಂಜರಿಕೆಯೂ ಸೇರುತ್ತದೆ. ಹಾಡು, ವೇಷ, ಅಭಿನಯದ ಬಗ್ಗೆ ಸಮುದಾಯದೊಳಗೆ ಭಿನ್ನ ಅಭಿಪ್ರಾಯಗಳಿವೆ. ಅವನ್ನು ಇಲ್ಲಿ ತೀರ್ಮಾನಿಸುವುದು ನಮ್ಮ ಉದ್ದೇಶವಲ್ಲ. ಆದರೆ ಮಹಮದ್ ಪೀರ್, ಅಲ್ಕಾಜಿ, ತನ್ವೀರ್ ಅವರ ಹೆಸರುಗಳನ್ನೇ ಕೇಳದೆ ಒಂದು ತಲೆಮಾರು ಬೆಳೆದರೆ, ರಂಗಭೂಮಿ ತಮ್ಮದಲ್ಲ ಎಂದು ಅದು ನಂಬುತ್ತದೆ. ಮುಸ್ಲಿಂ ಪಾತ್ರವೆಂದರೆ ಟೋಪಿ ಹಾಕಿದ ಹಾಸ್ಯಗಾರ ಅಥವಾ ಖಳ ಎಂದು ಬರೆಯುವವರಿಗೆ ಅದರಿಂದ ಅನುಕೂಲವೇ. ತಮ್ಮ ಕತೆಯನ್ನು ತಾವು ಹೇಳಬೇಕೆಂದರೆ ಹೇಳುವ ಕಸುಬನ್ನು ಕಲಿಯಲೇಬೇಕು.

ಇನ್ನೊಂದು ಕೆಲಸ ತಡವಾದರೆ ಆಗುವಂಥದ್ದಲ್ಲ. ಡ್ರಾಮಾ ಮೇಷ್ಟ್ರುಗಳಿಗೆ ವಯಸ್ಸಾಗುತ್ತಿದೆ. ಯಾವ ಪದ್ಯಕ್ಕೆ ಯಾವ ಮಟ್ಟು, ದನಿಯಿಲ್ಲದವನಿಂದ ಹಾಡಿಸುವುದು ಹೇಗೆ, ಅಕ್ಷರ ಬಾರದವನಿಗೆ ಮಾತು ನಿಲ್ಲಿಸುವುದು ಹೇಗೆ, ಜಗಳವಾಡಿದ ಎರಡು ಓಣಿಗಳವರನ್ನು ಒಂದೇ ರಂಗದ ಮೇಲೆ ತರುವುದು ಹೇಗೆ ಎಂಬ ಅವರ ಅರಿವು ಬಹುಪಾಲು ಹಾಳೆಯ ಮೇಲಿಲ್ಲ. ಹೆಚ್ಚೆಂದರೆ ಎಣ್ಣೆ ಜಿಡ್ಡಿನ ಒಂದು ನೋಟ್‌ಬುಕ್ ಇರುತ್ತದೆ. ಮೇಷ್ಟ್ರು ತೀರಿಕೊಂಡಾಗ ಅದು ಅಟ್ಟ ಸೇರುತ್ತದೆ.

ನಾಟಕ ಕಲಿಯುವ ವಿದ್ಯಾರ್ಥಿಯನ್ನು ಒಂದು ಸುಗ್ಗಿಯ ಕಾಲ ಇಂಥ ಮೇಷ್ಟ್ರ ಬಳಿ ಕೂರಿಸಿ, ಅದನ್ನೂ ಪಾಠವೆಂದು ಲೆಕ್ಕಕ್ಕೆ ಹಿಡಿಯಲು ಯಾವ ವಿಶ್ವವಿದ್ಯಾಲಯಕ್ಕೂ ಹೆಚ್ಚಿನ ಹಣ ಬೇಡ. ಮೇಷ್ಟ್ರನ್ನು ತರಗತಿಗೆ ಕರೆದು ಅಧ್ಯಾಪಕರ ಪಕ್ಕದ ಕುರ್ಚಿ ಕೊಡಲೂ ಬೇಡ. ಬೇಕಾದದ್ದು ತನ್ವೀರ್ ತೋರಿದ ವಿನಯ. ಚಿಕ್ಕರಸಿನಕೆರೆಯ ಹಜಾರದಲ್ಲಿ ಹಾರ್ಮೋನಿಯಂ ಸದ್ದು ಇನ್ನೂ ಕೇಳುತ್ತಿರುವಾಗಲೇ ಅಲ್ಲಿಗೆ ಹೋಗಬೇಕು. ಆ ಜಾಗಕ್ಕೆ ಊರು ತಾಲೀಮು ಎಂದು ಹೆಸರಿಟ್ಟು ಎಷ್ಟೋ ಕಾಲವಾಗಿದೆ. ಆ ಹೆಸರಿನ ಅರ್ಥವನ್ನು ಓದಿದವರು ಈಗಲಾದರೂ ಓದಿಕೊಳ್ಳಲಿ.